ತಂದೆಯ ಬೀಡಿ, ಮಗುವಿನ ಉಸಿರು

ಹಿರಿಯರ ಎದುರಿನಲ್ಲಿ ಧೂಮಪಾನ ಮಾಡಬಾರದೆಂಬುದು ನಮ್ಮ ನಾಡಿನ ಹಳೆಯ ಸಂಪ್ರದಾಯ. ತಂದೆಯವರು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡೊಡನೆ, ಮೀಸೆ ಬಂದ ಮಗನೂ ಬೀಡಿಯನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಿದ್ದನು. ತಂದೆಯವರಾದರೋ ಜಗಲಿಯ ಮೇಲೆ ಮಕ್ಕಳ ನಡುವೆಯೇ ಕುಳಿತು ನಿಶ್ಚಿಂತೆಯಿಂದ ಸೇದುತ್ತಿದ್ದರು. ಬೀಡಿಯ ಕಟ್ಟನ್ನೂ ಬೆಂಕಿಪೊಟ್ಟಣವನ್ನೂ ತರಲು ಮಗನನ್ನೇ ಅಂಗಡಿಗೆ ಕಳುಹಿಸುತ್ತಿದ್ದರು. ಮರ್ಯಾದೆಯು ಕಿರಿಯರಿಂದ ಹಿರಿಯರಿಗೆ ಮಾತ್ರ ಸಲ್ಲತಕ್ಕದ್ದೆಂದು ಭಾವಿಸಿದ್ದ ಕಾಲವದು.

ಆ ಭಾವನೆಯನ್ನು ಅಲುಗಿಸಿದುದು ವೈದ್ಯಶಾಸ್ತ್ರ. ತಾವು ಸೇದದಿದ್ದರೂ, ಸೇದುವ ಪತಿಯೊಡನೆ ಬಾಳಿದ ಸ್ತ್ರೀಯರಲ್ಲಿ ಶ್ವಾಸಕೋಶದ ಅರ್ಬುದ ರೋಗವು ಹೆಚ್ಚಾಗಿ ಕಾಣುವುದೆಂದು 1981ರಲ್ಲಿ ಜಪಾನಿನ ಹಿರಾಯಾಮಾ ಅವರು ತೋರಿಸಿದರು. ಮನೆಯ ಹೊಗೆಯಿಂದ ಮಕ್ಕಳಿಗೆ ಉಬ್ಬಸವೂ ಕಿವಿಯ ಸೋಂಕೂ ಹೆಚ್ಚುವುದೆಂಬುದು ಮುಂದೆ ಸ್ಥಿರಪಟ್ಟಿತು. ಶಾಸನವೂ ಹಿಂಬಾಲಿಸಿತು. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು 2003ರ ಕೇಂದ್ರ ಶಾಸನವು ನಿಷೇಧಿಸಿತು. 2008ರ ಅಕ್ಟೋಬರ್ 2ರಿಂದ ನಿಯಮಗಳು ಬಿಗಿಯಾದವು. 2025ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ದಂಡವನ್ನು 1000 ರೂಪಾಯಿಗೆ ಏರಿಸಿ, 21 ವರ್ಷ ತುಂಬದವರಿಗೆ ತಂಬಾಕು ಮಾರಕೂಡದೆಂದು ವಿಧಿಸಿದೆ. ಬೀಡಿಗಾಗಿ ಹುಡುಗನನ್ನು ಕಳುಹಿಸಿದರೆ ಇಂದು ಅಂಗಡಿಯವನು ಅಪರಾಧಿಯಾಗುತ್ತಾನೆ.

ಇಷ್ಟಾದರೂ ಶಾಸನವು ಮನೆಯ ಹೊಸ್ತಿಲಿನಲ್ಲಿಯೇ ನಿಂತುಬಿಡುತ್ತದೆ. ನಮ್ಮ ಅತ್ತಿಬೆಲೆಯನ್ನೇ ನೋಡಿರಿ. ಇಲ್ಲಿಯ ದುಡಿಮೆಗಾರನು ಕಾರ್ಖಾನೆಯೊಳಗೆ ಸೇದುವಂತಿಲ್ಲ, ಬಸ್ಸಿನಲ್ಲಿಯೂ ಸೇದುವಂತಿಲ್ಲ. ದಿನವೆಲ್ಲ ತಡೆದ ಬೀಡಿಯನ್ನು ಅವನು ಹೊತ್ತಿಸುವುದು ಪಾಳಿ ಮುಗಿಸಿ ಮನೆಗೆ ಬಂದ ಮೇಲೆ. ಆ ಮನೆಯು ಬಹುಮಟ್ಟಿಗೆ ವಠಾರದ ಒಂದು ಕೋಣೆ. ಅಡಿಗೆ, ಓದು, ನಿದ್ರೆ ಎಲ್ಲವೂ ಅಲ್ಲಿಯೇ. ಸಹೋದ್ಯೋಗಿಗೆ ತೋರಿದ ದಾಕ್ಷಿಣ್ಯವು ಸ್ವಂತ ಮಗುವಿಗೆ ದೊರೆಯದಂತಾಗುವುದು ಉಚಿತವೇ?

ಆದಕಾರಣ, ಹಿಂದೆ ಮಗನು ತಂದೆಗೆ ಸಲ್ಲಿಸುತ್ತಿದ್ದ ಸಂಕೋಚವನ್ನು ಇಂದು ತಂದೆಯು ಮಗುವಿಗೆ ಸಲ್ಲಿಸತಕ್ಕದ್ದೆಂದು ನಾವು ಹೇಳುತ್ತೇವೆ. ಕಿಟಕಿ ತೆರೆದರೆ ಸಾಲದು. ಹೊರಗೆ, ಬಾಗಿಲಿನಿಂದ ದೂರ ಹೋಗಬೇಕು. ಇದರಿಂದ ಹಿರಿತನಕ್ಕೆ ಕುಂದಿಲ್ಲ.

ಮನೆಯವರಿಗೂ ಒಂದು ಮಾತು. ನಿಕೋಟಿನ್ ಹಿಡಿದ ಚಟವು ಗದರಿಕೆಗೆ ಬಿಡುವಂತಹುದಲ್ಲ. ಅತಿಥಿಗಳ ಮುಂದೆ ತಂದೆಯನ್ನು ಹಂಗಿಸಿದರೆ ಅವರು ಹಿತ್ತಿಲಲ್ಲಿ ಕದ್ದು ಸೇದಿಯಾರು, ಬಿಡಲಾರರು. ಮಗಳು ಏಕಾಂತದಲ್ಲಿ, "ಅಪ್ಪಾ, ನೀವು ನಮಗೆ ಬೇಕು" ಎಂದರೆ ಆ ಮಾತು ನಾಟೀತು. ಆಮೇಲೆ ನೆರವೂ ಬೇಕು. ನಮ್ಮೂರಿನಿಂದ ಹೋಗುವ ಹೊಸೂರು ರಸ್ತೆಯಲ್ಲಿಯೇ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ, ತಂಬಾಕು ಬಿಡಿಸುವ ಚಿಕಿತ್ಸೆಯುಂಟು. 1800-112-356 ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ. ಮೊದಲನೆಯ ಪ್ರಯತ್ನವು ವಿಫಲವಾದರೆ ಮನೆಯವರು ನಗಬಾರದು. ಬಿಟ್ಟವರಲ್ಲಿ ಅನೇಕರು ಹಲವು ಸಲ ಯತ್ನಿಸಿಯೇ ಬಿಟ್ಟವರು.