ಪಾಟೀಸವಾಲಿಗೂ ಅಂಕ ಬೇಕು

ಕಾನೂನು ಕಾಲೇಜುಗಳ ಅಣಕು ನ್ಯಾಯಾಲಯ ಸ್ಪರ್ಧೆಗಳು ಬಹುಪಾಲು ಮೇಲ್ಮನವಿ ವಾದದ ಮಾದರಿಯವು. ಸಂಗತಿಗಳನ್ನು ಮೊದಲೇ ಕೊಟ್ಟಿರುತ್ತಾರೆ. ವಿದ್ಯಾರ್ಥಿಗಳು ಕಾನೂನಿನ ಅಂಶಗಳನ್ನಷ್ಟೇ ಮಂಡಿಸುತ್ತಾರೆ. ಅಣಕು ವಿಚಾರಣೆಯಲ್ಲಿ ಸಂಗತಿಯನ್ನೇ ಸಾಕ್ಷಿಯ ಬಾಯಿಂದ ಹೊರಡಿಸಬೇಕು. ಮುಖ್ಯ ವಿಚಾರಣೆಯಲ್ಲಿ ಉತ್ತರ ಸೂಚಿಸುವ ಪ್ರಶ್ನೆ ಕೇಳಿದರೆ ಎದುರು ವಕೀಲರು ಆಕ್ಷೇಪಿಸಬಹುದು. ಪಾಟೀಸವಾಲಿನಲ್ಲಿ ಅಂಥ ಪ್ರಶ್ನೆಯೇ ಆಯುಧ. ‘ಬೀದಿದೀಪ ಉರಿಯುತ್ತಿರಲಿಲ್ಲ, ಅಲ್ಲವೇ?’ ಎಂದು ಕೇಳಿ ‘ಹೌದು’ ಅನ್ನಿಸಿದ ವಕೀಲರು ಅಲ್ಲಿಗೇ ನಿಲ್ಲಬೇಕು. ‘ಹಾಗಾದರೆ ಆರೋಪಿಯನ್ನು ಹೇಗೆ ಗುರುತಿಸಿದಿರಿ?’ ಎಂದು ಮುಂದುವರಿದರೆ, ‘ಅವನ ದನಿ ಚೆನ್ನಾಗಿ ಗೊತ್ತು’ ಎಂಬ ಉತ್ತರ ಬಂದು ಸಂಪಾದಿಸಿದ್ದೆಲ್ಲ ಕೈತಪ್ಪುತ್ತದೆ. ಎಲ್ಲಿ ನಿಲ್ಲಿಸಬೇಕೆಂಬ ಈ ಅರಿವು ಪುಸ್ತಕ ಓದಿ ಬರುವಂಥದ್ದಲ್ಲ.

ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಾಯೋಗಿಕ ಪತ್ರಿಕೆಯಲ್ಲಿ ಅಣಕು ನ್ಯಾಯಾಲಯಕ್ಕೆ 30, ಒಂದು ಸಿವಿಲ್ ಹಾಗೂ ಒಂದು ಕ್ರಿಮಿನಲ್ ಪ್ರಕರಣದ ವಿಚಾರಣೆ ವೀಕ್ಷಣೆಗೆ 30, ಕಕ್ಷಿದಾರರ ಸಂದರ್ಶನ ಮತ್ತು ವಿಚಾರಣೆಯ ಪೂರ್ವಸಿದ್ಧತೆಗೆ 30, ಮೌಖಿಕ ಪರೀಕ್ಷೆಗೆ 10 ಅಂಕಗಳಿವೆ. ವಿಚಾರಣೆ ನೋಡಲು ಅಂಕವಿದೆ, ಸಾಕ್ಷಿಯನ್ನು ಪ್ರಶ್ನಿಸಲು ಪ್ರತ್ಯೇಕ ಅಂಕವಿಲ್ಲ. ಇದು ದೊಡ್ಡ ಕೊರತೆ.

ಕರ್ನಾಟಕದ ತಾಲ್ಲೂಕು ನ್ಯಾಯಾಲಯಗಳಲ್ಲಿ ಸಾಕ್ಷಿಗಳು ನುಡಿಯುವುದು ಹೆಚ್ಚಾಗಿ ಕನ್ನಡದಲ್ಲಿ. ಕಾಲೇಜುಗಳು ಕನ್ನಡದಲ್ಲೂ ಪಾಟೀಸವಾಲಿನ ಸ್ಪರ್ಧೆ ಏರ್ಪಡಿಸಿ, ಸ್ಥಳೀಯ ವಕೀಲರ ಸಂಘದ ಹಿರಿಯರನ್ನು ತೀರ್ಪುಗಾರರನ್ನಾಗಿ ಕರೆಯಬೇಕು.