ಮನವಿ ಪತ್ರ: ಡಿಸ್ಟಿಲರಿಯ ಸ್ಪೆಂಟ್ ವಾಶ್ ಹಳ್ಳಕ್ಕೆ ಬಿಡುವುದನ್ನು ನಿಲ್ಲಿಸುವ ಬಗ್ಗೆ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು

ಮಾನ್ಯರೇ,

ಘಟಪ್ರಭಾ ಬಯಲಿನ ಕಬ್ಬು ಬೆಳೆಗಾರರ ಸಂಘದವರಾದ ನಾವು ಪರಿಸರ ಅಧಿಕಾರಿಗಳಿಗೆ, ತಹಶೀಲ್ದಾರರಿಗೆ ಮತ್ತು ಕಾರ್ಖಾನೆಯ ಆಡಳಿತಕ್ಕೆ ಈ ಹಿಂದೆ ಕೊಟ್ಟ ಅರ್ಜಿಗಳನ್ನು ಅಡಕ 1ರಲ್ಲಿ ಇಟ್ಟಿದ್ದೇವೆ. ಸ್ವೀಕೃತಿಯ ಮೊಹರು ಬಿಟ್ಟರೆ ನಮಗೆ ಏನೂ ಸಿಕ್ಕಿಲ್ಲ.

ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆದರೆ 8ರಿಂದ 15 ಲೀಟರ್ ಸ್ಪೆಂಟ್ ವಾಶ್ ಉಳಿಯುತ್ತದೆ. ಅದರ ಹನಿಯೂ ಹೊರಗೆ ಹರಿಯಬಾರದೆಂಬ 2003ರ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸನ್ನದು, ಮಳೆಗಾಲದಲ್ಲಿ ಅದನ್ನು ಬೆರೆಸುವ ಕಾಂಪೋಸ್ಟ್ ಅಂಗಳ ನಡೆಸುವಂತಿಲ್ಲವೆಂಬ ನಿಯಮ ತಮಗೆ ತಿಳಿದೇ ಇವೆ. ಆದರೂ ನಮ್ಮೂರ ಪಕ್ಕದ ಕಾರ್ಖಾನೆಯ ಡಿಸ್ಟಿಲರಿ ಮಳೆ ಜೋರಾದ ರಾತ್ರಿಯೇ ಸ್ಪೆಂಟ್ ವಾಶ್ ತುಂಬಿಟ್ಟ ಲಗೂನಿನ ನೀರನ್ನು ಹಳ್ಳಕ್ಕೆ ಬಿಡುತ್ತದೆ. ಬೆಳಗಾಗುವಷ್ಟರಲ್ಲಿ ಹಳ್ಳದ ತುಂಬ ಕಪ್ಪು ನೊರೆ, ಹೊಟ್ಟೆ ಮೇಲಾದ ಮೀನು. ದಂಡೆಯ ಕೊಳವೆಬಾವಿಗಳ ನೀರು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿದೆ. ಎಮ್ಮೆಗಳು ದೋಣಿಗೆ ಮೂತಿಯಿಟ್ಟು ಹಿಂದೆ ಸರಿಯುತ್ತವೆ. ನೀರಿನ ಪರೀಕ್ಷಾ ವರದಿ, ದಿನಾಂಕಸಹಿತ ಫೋಟೊಗಳು, ಪಶುವೈದ್ಯರ ಪತ್ರ, ಗ್ರಾಮಸಭೆಯ ಠರಾವು, ಲಗೂನಿನ ಹರಿದ ಹೊದಿಕೆಯ ವಿಡಿಯೊ ಅಡಕ 2ರಿಂದ 9ರಲ್ಲಿವೆ. ತಪಾಸಣೆಗೆ ಬಂದವರು ಗೇಟಿನ ಬಳಿಯ ಮೀಟರ್ ನೋಡಿ ಹೊರಟರು. ಕೈಮುಗಿದು ಕರೆದರೂ ಹಳ್ಳಕ್ಕೆ ಇಳಿಯಲಿಲ್ಲ. ಇನ್ನೆಷ್ಟು ಕಾಗದ ಬೇಕು?

ಸ್ಪೆಂಟ್ ವಾಶ್ ಚೆಲ್ಲುವ ವಸ್ತುವೂ ಅಲ್ಲ. ಡೈಜೆಸ್ಟರ್‌ನಲ್ಲಿ ಹಾಕಿದರೆ ಗ್ಯಾಸ್ ಕೊಡುತ್ತದೆ. ಬತ್ತಿಸಿ ಬಾಯ್ಲರ್‌ನಲ್ಲಿ ಸುಟ್ಟರೆ ಬೂದಿಯಲ್ಲಿ ಪೊಟ್ಯಾಷ್ ಸಿಗುತ್ತದೆ. ಕಾಕಂಬಿ ಮೂಲದ ಪೊಟ್ಯಾಷನ್ನು ಕೇಂದ್ರ ಸರ್ಕಾರ 2021ರಲ್ಲಿ ಗೊಬ್ಬರದ ಸಹಾಯಧನದ ವ್ಯಾಪ್ತಿಗೂ ತಂದಿದೆ. ಆ ಪೊಟ್ಯಾಷ್ ನಮ್ಮ ಕಬ್ಬು ನಮ್ಮ ನೆಲದಿಂದ ಹೀರಿದ್ದು. ಅದು ಗೊಬ್ಬರವಾಗಿ ಹೊಲಕ್ಕೆ ಮರಳಬೇಕಿತ್ತು, ಈಗ ಬಾವಿಗೆ ಇಳಿಯುತ್ತಿದೆ.

ಆದ್ದರಿಂದ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು 1974ರ ಜಲ ಕಾಯ್ದೆಯ ಕಲಂ 33ಎ ಪ್ರಕಾರ ಕ್ರಮ ಕೈಗೊಳ್ಳುವಂತೆ ಬರೆದು, ಲಗೂನು ದುರಸ್ತಿಯಾಗಿ ಸ್ಪೆಂಟ್ ವಾಶ್ ಸುಡುವ ಬಾಯ್ಲರ್ ಚಾಲೂ ಆಗುವವರೆಗೆ ಡಿಸ್ಟಿಲರಿಯನ್ನು ನಿಲ್ಲಿಸಬೇಕು. ಬಾವಿ ಹಾಳಾದವರಿಗೆ ಕಾರ್ಖಾನೆಯ ಖರ್ಚಿನಲ್ಲಿ ಕುಡಿಯುವ ನೀರು ಕೊಡಿಸಬೇಕು.

ಮುಂಗಾರಿಗೆ ಮೊದಲು ಆದೇಶ ಬಾರದಿದ್ದರೆ ಬರುವ ಹಂಗಾಮಿನಲ್ಲಿ ಈ ಕಾರ್ಖಾನೆಗೆ ನಮ್ಮ ಹೊಲಗಳ ಕಬ್ಬು ಹೋಗುವುದಿಲ್ಲವೆಂದು ಸಂಘ ತೀರ್ಮಾನಿಸಿದೆ. ಠರಾವಿನ ಪ್ರತಿ ಅಡಕ 10.

ತಮ್ಮ ವಿಶ್ವಾಸಿಗಳು,
ಸಂಘದ ಅಧ್ಯಕ್ಷರು, ಪದಾಧಿಕಾರಿಗಳು ಹಾಗೂ ಸದಸ್ಯರು