ಗೊರಕೆ ನಿಂತಿತು, ಉಸಿರಿನ ಕಥೆ ಏನು?

ಅಕ್ಕ ಒಂದು ದಿನ ವಾಟ್ಸ್‌ಆ್ಯಪ್‌ನಲ್ಲಿ ಎರಡು ನಿಮಿಷದ ಆಡಿಯೊ ಕಳಿಸಿದಳು. ‘ಕೇಳೋ, ನಿಮ್ಮ ಭಾವಂದು, ರಾತ್ರಿ ಎರಡೂವರೆ ಗಂಟೇದು’ ಎಂದು ಕೆಳಗೆ ಬರೆದಿದ್ದಳು. ನಗುತ್ತಲೇ ಹಾಕಿಕೊಂಡೆ. ಗರಗಸ ಎಳೆದಂಥ ಸದ್ದು ಏರುತ್ತ ಹೋಗಿ ಫಕ್ಕನೆ ನಿಂತಿತು. ಆಮೇಲೆ ಫ್ಯಾನು ತಿರುಗುವ ಸದ್ದು ಮಾತ್ರ. ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿದ್ದವು: ಹದಿನೈದು, ಇಪ್ಪತ್ತು, ಇಪ್ಪತ್ತೈದು. ಕೆರೆಯಲ್ಲಿ ಮುಳುಗಿದವನು ಮೇಲೆ ಬಂದಂತೆ ಒಂದು ಏದುಸಿರು, ಮತ್ತೆ ಗರಗಸ. ಅಷ್ಟು ಹೊತ್ತಿಗೆ ನನ್ನ ನಗು ಹೋಗಿತ್ತು.

ಗೊರಕೆ ಎಂದರೆ ಗಡದ್ದು ನಿದ್ದೆ ಎಂಬುದು ನಮ್ಮ ಮನೆಗಳ ಹಳೆಯ ಲೆಕ್ಕಾಚಾರ. ಗೊರಕೆ ಹೊಡೆಯುವವನನ್ನು ಕುಂಭಕರ್ಣ ಎಂದು ಗೇಲಿ ಮಾಡಿ, ಇನ್ನೊಂದು ಕೋಣೆಯಲ್ಲಿ ಹಾಸಿಗೆ ಹಾಸಿಕೊಟ್ಟರೆ ಮುಗಿಯಿತು. ಆದರೆ ರೋಗ ಇರುವುದು ಸದ್ದಿನಲ್ಲಲ್ಲ, ನಡುವಿನ ಆ ನಿಶ್ಶಬ್ದದಲ್ಲಿ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಾಗಿ, ನಾಲಿಗೆಯ ಬುಡ ಹಿಂದಕ್ಕೆ ಜಾರಿ ಗಾಳಿಯ ದಾರಿ ಇಕ್ಕಟ್ಟಾದರೆ ಗೊರಕೆ; ದಾರಿಯೇ ಮುಚ್ಚಿಕೊಂಡರೆ ಸ್ಲೀಪ್ ಆಪ್ನಿಯಾ. 10 ಸೆಕೆಂಡಾದರೂ ಉಸಿರು ಕಟ್ಟಿದರೆ ಅದನ್ನು ಒಂದು ಸಲ ಎಂದು ಎಣಿಸುತ್ತಾರೆ. ಉಸಿರು ಅರೆಬರೆ ತಗ್ಗಿದ್ದನ್ನೂ ಸೇರಿಸುತ್ತಾರೆ. ಗಂಟೆಗೆ 5ರಿಂದ 15 ಸಲವಾದರೆ ಅಲ್ಪ, 30ರವರೆಗೆ ಮಧ್ಯಮ, ಅದನ್ನು ದಾಟಿದರೆ ತೀವ್ರ. ಪ್ರತಿ ಸಲವೂ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಬಿದ್ದು ಎಚ್ಚರಿಸುತ್ತದೆ. ಮಲಗಿದವನಿಗೆ ಬೆಳಿಗ್ಗೆ ಇದ್ಯಾವುದೂ ನೆನಪಿರುವುದಿಲ್ಲ. ಬಿ.ಪಿ. ಏರಿದ್ದು, ಕಚೇರಿಯಲ್ಲಿ ತೂಕಡಿಸಿದ್ದು, ಸ್ಟಿಯರಿಂಗ್ ಹಿಡಿದಾಗ ಕಣ್ಣು ಮುಚ್ಚಿಹೋದದ್ದು ಮಾತ್ರ ಗೊತ್ತಾಗುತ್ತದೆ.

ಇದು ಅಪರೂಪದ ಕಾಯಿಲೆಯೂ ಅಲ್ಲ. ದೆಹಲಿಯ ಏಮ್ಸ್ ವೈದ್ಯರು ಭಾರತದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ದೇಶದ ವಯಸ್ಕರಲ್ಲಿ ಸುಮಾರು ಶೇ 11ರಷ್ಟು ಮಂದಿಗೆ ಇದು ಇದೆ. ದುಡಿಯುವ ವಯಸ್ಸಿನವರೇ 10 ಕೋಟಿಗೂ ಹೆಚ್ಚು. ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ 2022ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ವೈದ್ಯರು ಈ ಕಾಯಿಲೆಯ ಹೆಸರು ಹೇಳಿದ್ದರು. ನಾಲ್ಕು ದಿನ ಟಿ.ವಿ.ಯಲ್ಲಿ ಚರ್ಚೆ ನಡೆಯಿತು. ಆಮೇಲೆ ಮರೆತೆವು.

ಚಿಕಿತ್ಸೆಯಲ್ಲಿ ಮೊದಲ ಮಣೆ ಸೀಪ್ಯಾಪ್ ಯಂತ್ರಕ್ಕೆ. ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಮೂಗಿಗೆ ಮಾಸ್ಕ್ ಕಟ್ಟಿ, ಒತ್ತಡದ ಗಾಳಿ ಊದಿ ಗಂಟಲು ಮುಚ್ಚದಂತೆ ಹಿಡಿಯುವ ಉಪಾಯ. ಹಾಕಿಕೊಂಡಷ್ಟು ಹೊತ್ತು ಇದರಷ್ಟು ಚೆನ್ನಾಗಿ ಕೆಲಸ ಮಾಡುವುದು ಮತ್ತೊಂದಿಲ್ಲ. ಆದರೆ ಹಾಕಿಕೊಳ್ಳುವವರು ಬೇಕಲ್ಲ. ಹೃದ್ರೋಗ ಅಥವಾ ಪಾರ್ಶ್ವವಾಯುವಿನ ಹಿನ್ನೆಲೆಯಿದ್ದ 2,700ಕ್ಕೂ ಹೆಚ್ಚು ಮಂದಿಯ ಮೇಲೆ ಹಲವು ದೇಶಗಳಲ್ಲಿ ನಡೆದು 2016ರಲ್ಲಿ ಹೊರಬಂದ ‘ಸೇವ್’ ಅಧ್ಯಯನದಲ್ಲಿ, ಯಂತ್ರ ಪಡೆದವರು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ ಅದನ್ನು ಬಳಸಿದ್ದರು. ನಮ್ಮ ಭಾವನ ಯಂತ್ರ ಎರಡು ವಾರದೊಳಗೆ ಅಟ್ಟ ಸೇರಿತು. ‘ಐಸಿಯುನಲ್ಲಿ ಮಲಗಿದ ಹಾಗಿರುತ್ತೆ ಮಾರಾಯ’ ಎಂಬುದು ಅವರ ತಕರಾರು.

ಹಲ್ಲಿನ ಡಾಕ್ಟರು ಬರುವುದು ಇಲ್ಲಿ. ಅವರು ಮಾಡುವ ಸಾಧನ ನೋಡಲು ಮೇಲೊಂದು, ಕೆಳಗೊಂದು ಪಾರದರ್ಶಕ ಹಲ್ಲುಕವಚ. ಎರಡನ್ನೂ ಬೆಸೆಯುವ ಪುಟ್ಟ ತಿರುಪು. ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಎಳೆದು ಹಿಡಿಯುವುದಷ್ಟೇ ಅದರ ಕೆಲಸ. ನಾಲಿಗೆ ಅಂಟಿಕೊಂಡಿರುವುದು ಕೆಳದವಡೆಗೇ ಆದ್ದರಿಂದ ಅದೂ ಜೊತೆಗೆ ಮುಂದೆ ಬರುತ್ತದೆ, ಗಂಟಲಿನ ಪಕ್ಕದ ಗೋಡೆಗಳು ಬಿಗಿಯಾಗುತ್ತವೆ, ದಾರಿ ತೆರೆದಿರುತ್ತದೆ. ಉಪಾಯವೇನೂ ಹೊಸದಲ್ಲ. ಹುಟ್ಟಿನಿಂದಲೇ ದವಡೆ ಚಿಕ್ಕದಾಗಿದ್ದ ಮಕ್ಕಳಿಗಾಗಿ ಫ್ರಾನ್ಸಿನ ಪಿಯರ್ ರೋಬಿನ್ 1902ರಲ್ಲೇ ಇಂಥದೊಂದನ್ನು ಮಾಡಿದ್ದರು.

ಭಾವನ ಜೊತೆ ನಾನೂ ಹೋಗಿದ್ದೆ. ಗೆರೆ ಹಾಕಿದ ಪ್ಲಾಸ್ಟಿಕ್ ಕಡ್ಡಿಯೊಂದನ್ನು ಹಲ್ಲುಗಳ ನಡುವೆ ಇಟ್ಟು, ‘ಕೆಳಗಿನ ದವಡೆ ಎಷ್ಟಾಗುತ್ತೋ ಅಷ್ಟು ಮುಂದೆ ತನ್ನಿ ಸರ್’ ಎಂದರು ಡಾಕ್ಟರು. ಭಾವ ಜಗಳಕ್ಕೆ ನಿಂತವರ ಹಾಗೆ ಗದ್ದ ಚಾಚಿದರು. ಒಂಬತ್ತು ಮಿಲಿಮೀಟರ್. ಅದರ ಅರ್ಧಕ್ಕೆ ಶುರು ಮಾಡಿ, ಬರಬರುತ್ತ ತಿರುಪು ತಿರುಗಿಸೋಣ ಎಂದು ಅಚ್ಚು ತೆಗೆದುಕೊಂಡರು. ಮೊದಮೊದಲು ಜೊಲ್ಲು ಸುರಿಯಿತು, ಕಿವಿಯ ಬಳಿ ದವಡೆಕೀಲು ನೋಯಿತು, ಬೆಳಿಗ್ಗೆ ದೋಸೆ ಕಚ್ಚಿದರೆ ಹಲ್ಲಿಗೆ ಹಲ್ಲು ಕೂರುತ್ತಿರಲಿಲ್ಲ. ಆದರೂ ರಾತ್ರಿಯಿಡೀ ಬಾಯಲ್ಲಿ ಇಟ್ಟುಕೊಂಡರು.

ಇಟ್ಟುಕೊಂಡರು ಎಂಬುದೇ ಮುಖ್ಯ. ಸಿಡ್ನಿಯಲ್ಲೇ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 126 ರೋಗಿಗಳಿಗೆ ಒಂದು ತಿಂಗಳು ಯಂತ್ರ, ಒಂದು ತಿಂಗಳು ದವಡೆ ಸಾಧನ ಕೊಟ್ಟು ನೋಡಿದರು. ಉಸಿರು ತಡೆಯುವುದು ಯಂತ್ರದಲ್ಲಿ ಗಂಟೆಗೆ 4.5 ಸಲಕ್ಕೆ ಇಳಿದರೆ, ದವಡೆ ಸಾಧನದಲ್ಲಿ 11 ಸಲಕ್ಕೆ. ಯಂತ್ರವೇ ಗೆದ್ದಿತು ಎನ್ನೋಣ. ಆದರೆ ಯಂತ್ರವನ್ನು ರಾತ್ರಿಗೆ 5.2 ಗಂಟೆ ಹಾಕಿಕೊಂಡವರು ದವಡೆ ಸಾಧನವನ್ನು 6.5 ಗಂಟೆ ಹಾಕಿಕೊಂಡಿದ್ದರು. ರಕ್ತದೊತ್ತಡ, ಹಗಲಿನ ತೂಕಡಿಕೆ, ವಾಹನ ಚಾಲನೆಯ ಚುರುಕು ಇವುಗಳಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದೊಂದು ತಿಂಗಳ ಲೆಕ್ಕ ಇದು, ವರ್ಷಗಟ್ಟಲೆಯದಲ್ಲ. ಆದರೂ ಅಟ್ಟದ ಮೇಲಿನ ಉತ್ತಮ ಯಂತ್ರಕ್ಕಿಂತ ಬಾಯಲ್ಲಿರುವ ಸಾಧಾರಣ ಸಾಧನ ವಾಸಿ ಎನ್ನಲು ಇಷ್ಟು ಸಾಕು. ದವಡೆ ಸಾಧನವನ್ನು ಬಡವರ ಸೀಪ್ಯಾಪ್ ಎಂದು ಮೂಗು ಮುರಿಯುವ ವೈದ್ಯರ ಮಾತನ್ನು ನಾನು ಒಪ್ಪುವುದಿಲ್ಲ.

ನನ್ನ ಆತಂಕ ಬೇರೆ. ಊರೂರಿನ ಡೆಂಟಲ್ ಕ್ಲಿನಿಕ್‌ಗಳ ಬೋರ್ಡಿನಲ್ಲಿ ಈಗ ಬೇರುನಾಳ ಚಿಕಿತ್ಸೆ, ಇಂಪ್ಲಾಂಟ್ ಪಕ್ಕದಲ್ಲಿ ‘ಗೊರಕೆಗೆ ಪರಿಹಾರ’ವೂ ಸೇರುತ್ತಿದೆ. ಬಿಸಿನೀರಿನಲ್ಲಿ ಅದ್ದಿ ಕಚ್ಚಿದರೆ ಹಲ್ಲಿನ ಆಕಾರಕ್ಕೆ ಬರುವ ಅಗ್ಗದ ಕವಚಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಇವೆಲ್ಲ ಮಾರುವುದು ನಿಶ್ಶಬ್ದವನ್ನು. ಗಂಟೆಗೆ 40 ಸಲ ಉಸಿರು ಕಟ್ಟುತ್ತಿದ್ದವನಿಗೆ ಕವಚ ಹಾಕಿದ ಮೇಲೆ ಅದು 22ಕ್ಕೆ ಇಳಿದು, ಗೊರಕೆ ಮಾತ್ರ ನಿಂತಿತು ಎನ್ನಿ. ಹೆಂಡತಿಗೆ ನಿದ್ದೆ, ಗಂಡನಿಗೆ ನೆಮ್ಮದಿ, ಕಾಯಿಲೆ ಹಾಗೇ. ಮೊದಲಾದರೂ ಸದ್ದು ಎಂಬ ಸಾಕ್ಷಿ ಇತ್ತು. ಈಗ ಅದೂ ಇಲ್ಲ. ಸಾಧನ ಹಾಕಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರಿಗೆ ಅದು ಅಷ್ಟಾಗಿ ಫಲ ಕೊಡುವುದಿಲ್ಲ, ಮತ್ತು ಆ ಒಬ್ಬರು ಯಾರೆಂದು ಬಾಯಿ ನೋಡಿ ಹೇಳಲಾಗದು.

ಅಮೆರಿಕದ ನಿದ್ರಾ ವೈದ್ಯರು ಮತ್ತು ದಂತವೈದ್ಯರ ಸಂಘಟನೆಗಳು ಸೇರಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನು ಅರಿತೇ ಬರೆದದ್ದು. ಯಂತ್ರ ಸಹಿಸದ, ಅಥವಾ ಬೇರೆ ದಾರಿ ಬಯಸುವ ರೋಗಿಗೆ ಸಾಧನ ಕೊಡಬಹುದು. ಅದು ಅವರ ಅಳತೆಗೇ ಮಾಡಿದ, ಹೊಂದಿಸಿಕೊಳ್ಳಬಹುದಾದ ಸಾಧನವಾಗಿರಬೇಕು. ಹಾಕಿದ ಮೇಲೆ ಮತ್ತೆ ನಿದ್ದೆಯ ಪರೀಕ್ಷೆ ಮಾಡಬೇಕು. ರೋಗ ಪತ್ತೆ ವೈದ್ಯರ ಕೆಲಸ, ಶಂಕಿತರನ್ನು ಗುರುತಿಸಿ ಕಳಿಸುವುದು ದಂತವೈದ್ಯರ ಕೆಲಸ ಎಂದು ಅಲ್ಲಿನ ದಂತವೈದ್ಯರ ಸಂಘವೇ 2017ರಲ್ಲಿ ಗೆರೆ ಎಳೆದುಕೊಂಡಿತು.

ನಮ್ಮಲ್ಲಿ ಆ ಗೆರೆ ಮಸುಕಾಗಿದೆ. ಶ್ವಾಸಕೋಶದ ಡಾಕ್ಟರು ಯಂತ್ರ ಬರೆದುಕೊಟ್ಟು ಕೈತೊಳೆದುಕೊಳ್ಳುತ್ತಾರೆ, ದಂತವೈದ್ಯರ ಹತ್ತಿರ ಕಳಿಸುವುದು ಅವರಿಗೆ ಹೊಳೆಯುವುದಿಲ್ಲ. ದಂತವೈದ್ಯರು ಪರೀಕ್ಷೆಯ ಮಾತೆತ್ತಿದರೆ ಗಿರಾಕಿ ಹೋದಾನೆಂದು ಸುಮ್ಮನಾಗುತ್ತಾರೆ. ಕರ್ನಾಟಕದಲ್ಲಿ ದಂತವೈದ್ಯಕೀಯ ಕಾಲೇಜುಗಳು ನಲವತ್ತಕ್ಕೂ ಹೆಚ್ಚಿವೆ. ತಾಲ್ಲೂಕು ಕೇಂದ್ರದಲ್ಲಿ ನಿದ್ದೆಯ ತಜ್ಞರು ಸಿಗಲಿಕ್ಕಿಲ್ಲ, ಹಲ್ಲಿನ ಡಾಕ್ಟರು ಸಿಗುತ್ತಾರೆ. ಹಿಂದೆ ಸರಿದ ಗದ್ದ, ಹಲ್ಲಿನ ಗುರುತು ಬಿದ್ದ ದಪ್ಪ ನಾಲಿಗೆ, ಸವೆದ ದವಡೆ ಹಲ್ಲು ಮೊದಲು ಕಾಣುವುದು ಅವರಿಗೇ. ‘ರಾತ್ರಿ ಗೊರಕೆ ಇದೆಯಾ, ಹಗಲು ತೂಕಡಿಕೆ ಬರುತ್ತಾ’ ಎಂದು ಕೇಳಲು ಅರ್ಧ ನಿಮಿಷ ಸಾಕು. ಮನೆಯಲ್ಲೇ ಬೆರಳಿಗೆ, ಎದೆಗೆ ಕಟ್ಟಿಕೊಂಡು ಮಲಗುವ ಪರೀಕ್ಷಾ ಕಿಟ್‌ಗಳೂ ಬಂದಿವೆ. ಈ ಪರೀಕ್ಷೆಯ ವರದಿ ಇಲ್ಲದೆ ಅಚ್ಚು ತೆಗೆಯುವುದಿಲ್ಲ ಎಂಬ ಒಂದೇ ಒಂದು ಕಟ್ಟುಪಾಡನ್ನು ದಂತವೈದ್ಯರ ಪರಿಷತ್ತು ತಂದರೂ ಅರ್ಧ ಸಮಸ್ಯೆ ಕಳೆಯುತ್ತದೆ. ಉಳಿದರ್ಧ ಎರಡನೇ ಪರೀಕ್ಷೆಯದು. ಗೊರಕೆ ನಿಂತ ಮೇಲೆ ಮತ್ತೆ ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳಿ ಎಂದರೆ ಯಾರು ಕೇಳುತ್ತಾರೆ? ಸಾಧನದ ದರದಲ್ಲೇ ಅದನ್ನೂ ಸೇರಿಸಿಬಿಡುವುದು ಒಳ್ಳೆಯದು.

ಭಾವನೂ ಕೇಳಲಿಲ್ಲ. ‘ಚೆನ್ನಾಗೇ ಇದ್ದೀನಲ್ಲೇ’ ಎಂದು ಮೂರು ತಿಂಗಳು ತಳ್ಳಿದರು. ಅಕ್ಕ ಬಿಡಲಿಲ್ಲ. ಪರೀಕ್ಷೆಯಲ್ಲಿ, ಅಂಗಾತ ಮಲಗಿದಾಗ ಉಸಿರು ಇನ್ನೂ ಕಟ್ಟುತ್ತಿದ್ದುದು ಗೊತ್ತಾಯಿತು, ಸದ್ದೇ ಇಲ್ಲದೆ. ಡಾಕ್ಟರು ತಿರುಪನ್ನು ಇನ್ನೊಂದು ಮಿಲಿಮೀಟರ್ ಮುಂದಕ್ಕೆ ತಿರುಗಿಸಿದ್ದಾರೆ. ಮತ್ತೊಂದು ಪರೀಕ್ಷೆ ಮುಂದಿನ ತಿಂಗಳಿದೆ.